ಅಜ್ಜಿಯ ಗುರುತಿನ ದಾರ

ದೊಡ್ಡಬಳ್ಳಾಪುರ,
೧೨ ಆಗಸ್ಟ್ ೧೯೯೯

ಪ್ರೀತಿಯ ಮಗಳು ಮೇಘನಾ,

ದಾವಣಗೆರೆಯ ನೀರು ಒಗ್ಗಿತೇ? ಅಳಿಯಂದಿರ ಕೆಮ್ಮು ಹೇಗಿದೆ? ನಿಮ್ಮಮ್ಮ ನಿನಗೆಂದು ಚಟ್ನಿಪುಡಿ ಕುಟ್ಟಿದ್ದಳು. ಕಳಿಸುವಷ್ಟರಲ್ಲಿ ನಾವೇ ತಿಂದು ಮುಗಿಸಿದೆವು, ಬೈಯಬೇಡ.

ಮದುವೆಗೆ ಮುಂಚೆ ನೀನು ನಮ್ಮ ಸೀರೆಗಳಿಗೊಂದು ವೆಬ್‌ಸೈಟ್ ಮಾಡಿದೆಯಲ್ಲ, ಅದಕ್ಕೆ ಸಂಚಕಾರ ಬಂದಿದೆ. ಹಳೆಯ ಗಿರಾಕಿ ಮತ್ತೆ ಬಂದರೆ ಅವರ ಮೆಚ್ಚಿನ ಅಂಚನ್ನೇ ಅದು ಮೊದಲು ತೋರಿಸುತ್ತದಲ್ಲ, ಆ ನೆನಪನ್ನು ಗಿರಾಕಿಯ ಕಂಪ್ಯೂಟರಿನಲ್ಲೇ ಇಡುವ ಉಪಾಯಕ್ಕೆ ಅಮೆರಿಕದ ಕಂಪನಿಯೊಂದು ಪೇಟೆಂಟ್ ಪಡೆದಿದೆಯಂತೆ. ನಮ್ಮ ಸೀರೆ ಅಲ್ಲಿಗೂ ಹೋಗುವುದರಿಂದ ನೋಟಿಸು ಬಂತು. ನೆನಪೆಲ್ಲ ನಮ್ಮ ಕಡೆಯ ಕಂಪ್ಯೂಟರಿನಲ್ಲಿದ್ದರೆ ಭಯವಿಲ್ಲ ಎಂದರು ನಮ್ಮ ವಕೀಲ ಮುನಿರಾಮಯ್ಯನವರು. ಹಾಗೇ ಇದೆ ಎಂದು ನೀನು ಹೇಳಿದ ನೆನಪು. ಆಣೆ ಇಟ್ಟು ಹೇಳು ಎಂದರೆ ಮಾತ್ರ ಧೈರ್ಯವಿಲ್ಲ. ಮಗ್ಗದ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡವನು ನಾನು.

ಮೊನ್ನೆ ಆ ಕಂಪನಿಯ ಕಡೆಯ ವಕೀಲರು ಮನೆಗೇ ಬಂದರು. ನಾನು ನೂಲು ತರಲು ಹೋಗಿದ್ದೆ. ಗಿರಾಕಿಯ ಮೆಚ್ಚಿಗೆಯ ಗುರುತನ್ನು ಎಲ್ಲಿಡುತ್ತೀರಿ ಎಂದು ಅಜ್ಜಿಯನ್ನು ಕೇಳಿದರಂತೆ. ಅಜ್ಜಿಗೆ ಗುರುತು ಎಂದರೆ ಸೀರೆ ಕೊಂಡವರ ಚೀಲದ ಹಿಡಿಗೆ ತಾನು ಕಟ್ಟಿ ಕಳಿಸುವ ಅಂಚಿನ ಬಣ್ಣದ ದಾರ, ಅಷ್ಟೇ. ಕಾಫಿ ಕೊಟ್ಟು ಹೆಮ್ಮೆಯಿಂದ ಹೇಳಿದ್ದಾಳೆ: “ಗುರುತು ಗಿರಾಕಿ ಹತ್ರಾನೇ ಇರ್ಬೇಕು ಕಣಪ್ಪಾ. ನಮ್ಮನೇಲಿ ಇಟ್ಕೊಂಡ್ರೆ ಇಲಿ ತಿನ್ನಲ್ವಾ? ನಮ್ಮತ್ತೆ ಕಾಲದಿಂದ್ಲೂ ಹಿಂಗೇಯಾ.” ಅವರು ಅದನ್ನೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುನಿರಾಮಯ್ಯನವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ವೆಬ್‌ಸೈಟ್ ಮುಚ್ಚುತ್ತೇವೆಂದು ಬರೆದುಕೊಡಿ ಎನ್ನುತ್ತಾರೆ ಆ ಕಡೆಯವರು. ನೀನು ಕಟ್ಟಿದ್ದನ್ನು ನಾನು ಹೇಗೆ ಮುಚ್ಚಲಿ? ನನಗೇನೂ ತೋಚುತ್ತಿಲ್ಲ ಮಗಳೇ. ಗಿರಾಕಿಗಳ ನೆನಪು ಯಾರ ಕಂಪ್ಯೂಟರಿನಲ್ಲಿದೆ ಎಂದು ನಿನ್ನ ಕೈಯಾರೆ ಬರೆದು ಕಳಿಸು. ಫೋನಿನಲ್ಲಿ ಹೇಳಿದರೆ ಸಾಲದಂತೆ. ಬರೆದರೂ ಅಜ್ಜಿಯ ಹೆಬ್ಬೆಟ್ಟಿನ ಮುಂದೆ ನಿಲ್ಲುತ್ತದೋ ಇಲ್ಲವೋ, ಮುನಿರಾಮಯ್ಯನವರಿಗೂ ಗೊತ್ತಿಲ್ಲ.

ನಿಮ್ಮ ಅತ್ತೆ ಮಾವನವರಿಗೆ ನಮಸ್ಕಾರ ಹೇಳು. ನಿನ್ನ ಮನೆ ತುಂಬಿರಲಿ.

ನಿನ್ನ ಅಪ್ಪ,
ರಾಮಲಿಂಗಯ್ಯ

ಮರೆತಿದ್ದೆ: ಇವತ್ತು ಆವತಿಯ ದ್ಯಾವಮ್ಮ ಮಗಳ ಮದುವೆಗೆ ಸೀರೆ ಕೊಂಡಳು. ಅಜ್ಜಿ ದಾರ ಕತ್ತರಿಸಿ, ಕಟ್ಟದೆ ನಿಂತಳು. “ಕಟ್ಬೋದಾ, ಆ ವಕೀಲ್ರ ಅಪ್ಪಣೆ ಬೇಕಾ?” ಎಂದಳು. ಕಟ್ಟವ್ವಾ ಎಂದೆ. “ನಿಂಗೇನು ಗೊತ್ತು, ಮೇಘನ ಹೇಳ್ಲಿ” ಎಂದುಬಿಟ್ಟಳು. ದ್ಯಾವಮ್ಮ ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಹೋದಳು. ದಾರ ಅಜ್ಜಿಯ ಸೆರಗಿನ ಗಂಟಿನಲ್ಲಿದೆ. ವಕೀಲರಿಗೆ ಬರೆಯುವ ಕಾಗದ ತಡವಾದರೂ ಚಿಂತೆಯಿಲ್ಲ, ಅಜ್ಜಿಗೊಂದು ಸಾಲು ಮೊದಲು ಬರೆ.