ನೀವು ಯಾರ ಪೈಕಿ?

ಟಾಲಿವರ್ ಕೌಂಟಿ, ಕೆಂಟಕಿ
ಅಕ್ಟೋಬರ್, ಭಾನುವಾರ ಮಧ್ಯಾಹ್ನ

ನನ್ನ ಕಂದ ಡಾರ್ಲಾ,

ಈ ಕಾಗದವನ್ನು ಒನೈಡಾ ನಿನ್ನ ಕೈಗೆ ಕೊಟ್ಟಿರುತ್ತಾಳೆ. ಶಾಲೆಯ ಅಡುಗೆಮನೆಯಲ್ಲೇ, ಅವಳ ಪಕ್ಕದಲ್ಲೇ ಕೂತು ಓದು. ಓದಿದ ಮೇಲೆ ಚೂರು ಚೂರು ಮಾಡಿ ಎಸೆದುಬಿಡು, ಮನೆಗೆ ಮಾತ್ರ ಒಯ್ಯಬೇಡ. ಅಂಚೆಗೆ ಹಾಕೋಣವೆಂದರೆ ನಿನ್ನ ಹೆಸರಿಗೆ ಬಂದದ್ದನ್ನೆಲ್ಲ ಮೊದಲು ಒಡೆಯುವವನು ನೀನು ಮದುವೆಯಾಗಲಿರುವ ರಾಯ್ಸ್. ಫೋನ್ ಮಾಡಿದರೆ ಸ್ಪೀಕರಿಗೆ ಹಾಕುತ್ತಾನೆ. ನಾನು "ಹೇಗಿದ್ದೀಯ ಮಗಳೇ" ಅಂತ ಕೇಳಿದರೆ "ಆರಾಮಾಗಿದೀವಿ, ವರ್ನಾ ಅಮ್ಮಾ" ಅನ್ನುವುದು ಅವನ ಗಂಟಲು. ನಾನೇ ಶಾಲೆಗೆ ಬಂದುಬಿಡೋಣವೆಂದರೆ ಅವನ ಗ್ಯಾರೇಜು ಇರುವುದೇ ಶಾಲೆಯ ಗೇಟಿನ ಎದುರಿಗೆ. ಹಾಗಾಗಿ ನಿನ್ನ ಜೊತೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳೇ ಈಗ ನನ್ನ ಅಂಚೆಯವಳು.

ನನಗೆ ಭಯವಾಗಿದೆ ಡಾರ್ಲಾ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ನಿನಗೇ ಗೊತ್ತು. ನಿಮ್ಮಪ್ಪ ಗಣಿಯಲ್ಲಿ ಸಿಕ್ಕಿಬಿದ್ದ ದಿನ ಬಿಟ್ಟರೆ ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ರೆನ್‌ಳ ಹುಟ್ಟುಹಬ್ಬದ ದಿನ ನೆನಪಿದೆಯಾ? ನಿನ್ನ ಮಗು ಹಾಲಿನ ಲೋಟ ಬೀಳಿಸಿತು. ನಾನು ಒರೆಸೋ ಬಟ್ಟೆ ತರೋಣವೆಂದು ಎದ್ದೆ. ತಿರುಗಿ ನೋಡುತ್ತೇನೆ, ಯಾರೂ ಏನೂ ಅನ್ನುವ ಮೊದಲೇ ಅದು ತಾನಾಗಿ ಹೋಗಿ ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತಿದೆ. ಆರು ವರ್ಷದ ಕೂಸು! ರಾಯ್ಸ್ ನಕ್ಕ. "ನೋಡಿದ್ರಾ, ಎಷ್ಟು ಶಿಸ್ತು ಕಲ್ತಿದಾಳೆ" ಅಂದ. ನೀನು ತಟ್ಟೆ ನೋಡುತ್ತ ಕೂತಿದ್ದೆ. ನಾನು ಆವತ್ತು ಕೇಕು ಕತ್ತರಿಸಿ ಕೊಟ್ಟೆ, ಎಲ್ಲರೂ ತಿಂದೆವು, ನೀವು ಹೋದಿರಿ. ಆಮೇಲೆ ಪಾತ್ರೆ ತೊಳೆಯುವಾಗ ಆ ಲೋಟವನ್ನೇ ಮೂರು ಸಲ ತೊಳೆದೆ.

ಅವನು ನಿನ್ನ ಮನೆಗೆ ಬರುವ ಮುಂಚೆ ನೀನು ನಮ್ಮ ಕೋರ್ಟಿಗೆ ಹೋಗಿ ಅವನ ಹೆಸರು ಹುಡುಕಿಸಿದ್ದೆ. "ಏನೂ ಇಲ್ಲಮ್ಮಾ, ಹಾಲಿನಷ್ಟು ಸ್ವಚ್ಛ" ಅಂದಿದ್ದೆ. ನಾನೂ ನಂಬಿದೆ. ನಾವು ಟಾಲಿವರ್‌ನವರು ಹೀಗೇ. ವಾರವಾರ ಜೈಲಿಗೆ ಹೋದವರ ಫೋಟೋ ಹಾಕುವ ಆ ಪತ್ರಿಕೆ ಪೆಟ್ರೋಲ್ ಬಂಕಿಗೆ ಬಂದ ಕೂಡಲೇ, ಚರ್ಚಿನ ಪ್ರಾರ್ಥನೆಗಿಂತ ಭಕ್ತಿಯಿಂದ ಓದುತ್ತೇವೆ. ಯಾರ ಮಗ ಕುಡಿದು ಗಾಡಿ ಓಡಿಸಿದ, ಯಾರ ಅಳಿಯ ತಾಮ್ರದ ತಂತಿ ಕದ್ದ, ಎಲ್ಲ ನಮಗೆ ಬಾಯಿಪಾಠ. ಅದರಲ್ಲಿ ಮುಖ ಬಾರದವನು ಒಳ್ಳೆಯವನು ಅಂತ ನಮ್ಮ ಲೆಕ್ಕ. ಆದರೆ ನಮ್ಮ ಕೌಂಟಿಯ ಪತ್ರಿಕೆಯಲ್ಲಿ ನಮ್ಮ ಕೌಂಟಿಯ ಕಳ್ಳರು ಮಾತ್ರ ಇರುತ್ತಾರೆ. ಕೋರ್ಟಿನ ಕಡತವೂ ಅಷ್ಟೇ, ಒಂದೊಂದು ಕೌಂಟಿಗೂ ತನ್ನದೇ ಬಾವಿ. ರಾಯ್ಸ್ ಬೆಟ್ಟದಾಚೆ ಬ್ರಮ್ಲಿ ಕೌಂಟಿಯ ಕಲ್ಲುಗಣಿಯಲ್ಲಿ ಎಂಟು ವರ್ಷ ದುಡಿದೆ ಅಂತ ಅವನ ಬಾಯಲ್ಲೇ ಹೇಳಿದ್ದ. ಆ ಬಾವಿಯನ್ನು ನಾವಿಬ್ಬರೂ ಇಣುಕಿ ನೋಡಲಿಲ್ಲ.

ಗುರುವಾರ ನಾನು ಬ್ರಮ್ಲಿಗೆ ಹೋದೆ. ಒಬ್ಬಳೇ, ನಮ್ಮ ಹಳೇ ಗಾಡಿಯಲ್ಲಿ. ಬಯ್ಯಬೇಡ.

ಕೋರ್ಟಿನಲ್ಲಿ ಒಂದು ಗಾಜಿನ ಕಿಟಕಿ. ಕಡತಗಳನ್ನು ಯಾರು ಬೇಕಾದರೂ ಕೇಳಬಹುದು, ಕಾರಣವನ್ನಾಗಲಿ ಹೆಸರನ್ನಾಗಲಿ ಹೇಳಬೇಕಿಲ್ಲ ಅಂತ ಗಾಜಿನ ಮೇಲೆ ಬರೆದು ಅಂಟಿಸಿದ್ದರು. ಕಿಟಕಿಯ ಹಿಂದೆ ನನ್ನ ವಯಸ್ಸಿನವಳೇ ಒಬ್ಬಳು ಹೆಂಗಸು, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡವಳು. ರಾಯ್ಸ್ ಹ್ಯಾಕ್ವರ್ತ್ ಅಂದೆ. "ಆ ಮನೆತನದಲ್ಲಿ ರಾಯ್ಸ್‌ಗಳು ಮೂರು ಜನ ಇದಾರೆ ಕಣಮ್ಮ, ಹುಟ್ಟಿದ ದಿನ ಗೊತ್ತಾ?" ಅಂದಳು. ಗೊತ್ತಿಲ್ಲದೆ ಏನು, ಹೋದ ಮಾರ್ಚಿನಲ್ಲಿ ಅವನಿಗೆ ಒಣಸೇಬಿನ ಕೇಕು ಮಾಡಿದವಳು ನಾನೇ. ಹೇಳಿದೆ. ಅವಳು ಒಂದಷ್ಟು ಹಾಳೆ ಮುದ್ರಿಸಿ ಕೊಟ್ಟಳು.

ಮೂರು ಸಲ ಬಂಧನ. ಮೂರೂ ಮನೆಯೊಳಗೆ ಅದೇ ಒಬ್ಬ ಹೆಂಗಸಿನ ಮೇಲೆ ಕೈ ಮಾಡಿದ್ದಕ್ಕೆ. ಒಂದರಲ್ಲಿ ದವಡೆ ಮುರಿದಿತ್ತು ಅಂತಿದೆ. ಮೂರು ಮೊಕದ್ದಮೆಗಳೂ ವಜಾ, ಯಾಕೆಂದರೆ ದೂರು ಕೊಟ್ಟವಳು ಸಾಕ್ಷಿ ಹೇಳಲು ಬರಲಿಲ್ಲ. ನೀನು ಕೇಳಿದರೆ ಕೋರ್ಟೇ ಬಿಟ್ಟುಬಿಟ್ಟಿತಲ್ಲ ಅಂತ ಅವನು ಹೇಳಿಯಾನು. ಹೌದು, ಬಿಟ್ಟಿತು. ಆದರೆ ಬಾರದೆ ಹೋದವಳು ಯಾಕೆ ಬರಲಿಲ್ಲ ಅಂತ ಅವನನ್ನು ಕೇಳಬೇಡ, ಈ ವಿಷಯವನ್ನೇ ಎತ್ತಬೇಡ.

ನಾನು ಹೋಗಿ ಅವಳನ್ನೇ ಕೇಳಿದೆ. ಲೀಟಾ ಅಂತ ಹೆಸರು, ವಿಳಾಸ ಆ ಹಾಳೆಯಲ್ಲೇ ಇತ್ತು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮಾತಾಡುವಾಗ ಬಾಯಿ ಒಂದು ಕಡೆಗೆ ಎಳೆಯುತ್ತದೆ. ಅವನ ಹೆಸರೆತ್ತಿದ ಕೂಡಲೇ ಹೋಗಿ ಅಂಗಡಿಯ ಬಾಗಿಲ ಚಿಲಕ ಹಾಕಿ ಬಂದಳು. ಹೆಚ್ಚು ಮಾತಾಡಲಿಲ್ಲ. "ಮೊದಲನೇ ವರ್ಷ ಬೆಣ್ಣೆ ಕಣಮ್ಮ ಅವ್ನು. ಆಮೇಲೆ ಒಂದಿನ ರಿಪೇರಿ ಅಂತ ನಮ್ಮ ಕಾರು ತಗೊಂಡೋಗ್ತಾನೆ, ಅದು ವಾಪಸ್ ಬರಲ್ಲ. ನಿಮ್ಮ ಮಗಳ ಕಾರು ಎಲ್ಲಿದೆ?" ಅಂದಳು.

ಅದೇನೋ ಬಿಡಿಭಾಗ ಬರಬೇಕು ಅಂತ ನಿನ್ನ ಕಾರು ಅವನ ಗ್ಯಾರೇಜಿನಲ್ಲೇ ನಿಂತಿದೆ ಅಂತ ಹೋದ ವಾರ ನೀನೇ ಹೇಳಿದ್ದೆಯಲ್ಲ. ಈಗ ಬೆಳಗ್ಗೆ ಬಿಡುವವನೂ ಅವನೇ, ಸಂಜೆ ಕರೆದೊಯ್ಯುವವನೂ ಅವನೇ.

ಇಷ್ಟೇ ಆಗಿದ್ದರೆ ನಾನು ನಿಧಾನಕ್ಕೆ ಏನಾದರೂ ದಾರಿ ಹುಡುಕುತ್ತಿದ್ದೆ. ಆದರೆ ನಾನೊಂದು ಎಡವಟ್ಟು ಮಾಡಿಕೊಂಡು ಬಂದಿದ್ದೇನೆ. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಆ ಕಿಟಕಿಯ ಹೆಂಗಸು ನಗುತ್ತ, "ಈ ಕಡೆ ಯಾವತ್ತೂ ನೋಡಿಲ್ವಲ್ಲ ನಿಮ್ಮನ್ನ. ಯಾರ ಪೈಕಿ ನೀವು?" ಅಂದಳು. ನಮ್ಮ ಬೆಟ್ಟದಲ್ಲಿ ಆ ಮಾತು ಕೇಳಿದರೆ ಉತ್ತರ ಕೊಡದೆ ಇರುವ ನಾಲಿಗೆ ಯಾವುದಿದೆ? ಹೆಸರು ಹೇಳಬೇಕಿಲ್ಲ ಅಂತ ಕಾನೂನು ಗಾಜಿನ ಮೇಲೇ ಅಂಟಿಕೊಂಡಿತ್ತು. ನಾನು ಮರ್ಯಾದೆಯ ಮೂಟೆ! ಟಾಲಿವರ್‌ನ ಸ್ಟಿಡಮ್‌ಗಳ ಪೈಕಿ, ತೌರು ಕಾಡಿಲ್‌ಗಳ ಮನೆ, ಒಬ್ಬಳೇ ಮಗಳು ಡಾರ್ಲಾ, ಶಾಲೆಯಲ್ಲಿ ಕೆಲಸ, ಬರುವ ತಿಂಗಳು ಇದೇ ರಾಯ್ಸ್ ಜೊತೆ ಮದುವೆ ಅಂತ ವಂಶವೃಕ್ಷವನ್ನೇ ಅವಳ ಮುಂದೆ ಹರವಿದೆ. ಅವಳು "ಅಯ್ಯೋ, ಹಾಗಾದ್ರೆ ನಾವು ನಾವೇ ಆದ್ವಿ, ನನ್ನ ತಂಗಿ ಮಗ ಬೇಟೆಗೆ ಹೋಗೋದು ರಾಯ್ಸ್ ಜೊತೇಲೇ" ಅಂದಳು. ಅವಳಲ್ಲಿ ಕೆಟ್ಟತನವಿರಲಿಲ್ಲ. ಊರ ಬಾಯಿಗೆ ಬೀಗ ಇರುವುದಿಲ್ಲ, ಅಷ್ಟೇ.

ನಿನ್ನೆ ಅವನು ಫೋನ್ ಮಾಡಿದ. ನೀನು ಪಕ್ಕದಲ್ಲಿರಲಿಲ್ಲ ಅಂತ ದನಿಯಲ್ಲೇ ತಿಳಿಯಿತು. ಬಲು ಮೆತ್ತಗೆ ಮಾತಾಡಿದ. "ಬ್ರಮ್ಲಿಗೆ ಹೋಗಿದ್ರಂತಲ್ಲ ವರ್ನಾ ಅಮ್ಮಾ. ಒಂದ್ಮಾತು ಹೇಳಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ. ಬೆಟ್ಟದ ದಾರಿ, ನಿಮ್ಮದು ಹಳೇ ಗಾಡಿ. ಬ್ರೇಕು ಕೈಕೊಟ್ರೆ ಏನ್ ಗತಿ? ತಂದ್ಬಿಡಿ, ನೋಡಿಕೊಡ್ತೀನಿ" ಅಂದ. ನಾನು ಆಗಲಪ್ಪ ಅಂದೆ. ನಿನಗೆ ಅವನು ಏನೂ ತೋರಗೊಟ್ಟಿಲ್ಲ, ಅಲ್ಲವೇ? ಅದೇ ನನ್ನ ಭಯ. ಕೂಗಾಡುವ ಗಂಡಸನ್ನು ನಾನು ಸಂಭಾಳಿಸಬಲ್ಲೆ, ನಿಮ್ಮಪ್ಪನ ಜೊತೆ ಇಪ್ಪತ್ತೆಂಟು ವರ್ಷ ಬಾಳಿದವಳು. ಹೀಗೆ ಮೆತ್ತಗೆ ಮಾತಾಡುವವನನ್ನು ಏನು ಮಾಡಬೇಕೋ ನನಗೆ ತಿಳಿಯದು.

ನೀನು ಹೊರಡಬೇಕು ಕಂದ. ರೆನ್‌ಳೂ ನಿನ್ನ ಶಾಲೆಯಲ್ಲೇ ಇರುತ್ತಾಳೆ, ಮನೆಗೆ ಹೋಗಿ ಏನನ್ನೂ ತರಬೇಕಿಲ್ಲ. ಮಗುವಿನ ಗೊಂಬೆ ಹೋದರೆ ಹೋಗಲಿ. ಒನೈಡಾ ತನ್ನ ಕಾರಿನಲ್ಲಿ ಬಸ್ಸು ಸಿಗುವ ಪೇಟೆಯ ತನಕ ಬಿಡುತ್ತಾಳೆ. ಹೊಡೆತ ತಪ್ಪಿಸಿಕೊಂಡು ಬಂದ ಹೆಂಗಸರಿಗೂ ಮಕ್ಕಳಿಗೂ ಆಶ್ರಯ ಕೊಡುವ ಮನೆಯೊಂದರ ಫೋನ್ ನಂಬರನ್ನು ಲೀಟಾ ಕೊಟ್ಟಿದ್ದಾಳೆ, ಅದು ಒನೈಡಾಗೆ ಬಾಯಿಪಾಠವಾಗಿದೆ. ಯಾವತ್ತು ಹೊರಡುವುದು ಅನ್ನುವುದೇ ತೊಡಕು, ಗ್ಯಾರೇಜಿನ ಬಾಗಿಲಲ್ಲಿ ಕೂತರೆ ಅವನಿಗೆ ಶಾಲೆಯ ಗೇಟು ಕಾಣುತ್ತದೆ. ಅವನು ಅಲ್ಲಿಲ್ಲದ ಒಂದು ಹೊತ್ತು ನೋಡಿ ಹೊರಡು. ದೇವರು ಅಂಥ ಹೊತ್ತು ಕೊಡಲಿ ಅಂತ ಇವತ್ತು ಚರ್ಚಿನಲ್ಲಿ ಎಲ್ಲರೂ ಎದ್ದುಹೋದ ಮೇಲೂ ಕೂತು ಬೇಡಿಕೊಂಡೆ.

ನನ್ನ ಚಿಂತೆ ಬೇಡ. ನಾನು ಆರಾಮಾಗಿದ್ದೇನೆ. ಕೆಳಗೆ ತಿರುವಿನಲ್ಲಿ ಒಂದು ಟ್ರಕ್ಕು ನಿಂತಿದೆ, ಬೇಟೆಗೆ ಬಂದವರದ್ದಿರಬೇಕು. ನಾಯಿ ಸುಮ್ಮನೆ ಬೊಗಳುತ್ತಿದೆ.

ರೆನ್‌ಳ ಕೆನ್ನೆಗೆ ನನ್ನದೊಂದು ಮುತ್ತು. ಲೋಟ ಬಿದ್ದರೆ ಏನೂ ಆಗುವುದಿಲ್ಲ, ಅಜ್ಜಿ ದಿನಕ್ಕೆ ಎರಡು ಬೀಳಿಸುತ್ತಾಳೆ ಅಂತ ಅವಳಿಗೆ ಹೇಳು.

ನಿನ್ನನ್ನು ಹೆತ್ತವಳು,
ವರ್ನಾ

ಮರೆತ ಮಾತು: ಈಗ ಸೋಮವಾರ ಬೆಳಗ್ಗೆ. ಒನೈಡಾ ಕಾರನ್ನು ಚರ್ಚಿನ ಹತ್ತಿರ ಬಿಟ್ಟು, ಸ್ಮಶಾನದ ಕಡೆಯಿಂದ ನಡೆದು ಬಂದು ಹಿಂಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಅನ್ನುತ್ತಿದ್ದಾಳೆ. ಬೇಟೆಯವರ ಟ್ರಕ್ಕು ಅಂತ ನಿನ್ನೆ ಬರೆದದ್ದು ಸುಳ್ಳು, ನೀನು ಹೆದರಬಾರದು ಅಂತ ಹಾಗೆ ಬರೆದೆ. ನಿನ್ನೆಯೂ ಅದು ರಾಯ್ಸ್‌ನದೇ. ಇವತ್ತು ನಿನ್ನನ್ನು ಶಾಲೆಗೆ ಬಿಟ್ಟು ನೇರ ಇಲ್ಲಿಗೇ ಬಂದಿದ್ದಾನೆ, ಈಗ ಟ್ರಕ್ಕನ್ನು ನನ್ನ ಮನೆ ಗೇಟಿನ ಹತ್ತಿರಕ್ಕೇ ತಂದು ನಿಲ್ಲಿಸಿದ್ದಾನೆ. ಶೆರಿಫ್ ಕಚೇರಿಯ ಪೊಲೀಸರಿಗೆ ಫೋನ್ ಮಾಡಿದೆ. "ರಸ್ತೇಲಿ ಗಾಡಿ ನಿಲ್ಸೋದು ಅಪರಾಧ ಅಲ್ವಲ್ಲಮ್ಮ" ಅಂದರು. ಇರಲಿ. ಅವನು ಇಲ್ಲಿದ್ದಾನೆ ಅಂದರೆ ಅಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಇಲ್ಲ ಅಂತಲೇ ಅರ್ಥ. ಬೇಡಿಕೊಂಡ ಹೊತ್ತು ಹೀಗೆ ಬಂತು. ಕಾಫಿ ಇಟ್ಟಿದ್ದೇನೆ, ಒಣಸೇಬಿನ ಕೇಕು ಇದೆ. ನೀನು ಈ ಸಾಲು ಓದುವಷ್ಟರಲ್ಲಿ ಮುಂಬಾಗಿಲು ತೆಗೆದು ಅವನನ್ನು ಒಳಗೆ ಕರೆದಿರುತ್ತೇನೆ. ಎಷ್ಟು ಹೊತ್ತಾದರೂ ಕೂರಿಸಿಕೊಳ್ಳುತ್ತೇನೆ, ಮಾತಿಗೇನು ನನಗೆ ಬರವೇ? ನೀನು ಈಗಲೇ ಏಳು, ರೆನ್‌ಳನ್ನು ತರಗತಿಯಿಂದ ಕರೆದುಕೋ. ಎಲ್ಲಿಗೆ ಹೋದೆ ಅಂತ ನನಗೂ ತಿಳಿಸಬೇಡ, ಕೇಳಿದರೆ ಹೇಳಿಬಿಡುವ ನಾಲಿಗೆ ನನ್ನದು. ಹೋದ ಊರಲ್ಲಿ ಯಾರಾದರೂ ನಗುನಗುತ್ತ ನೀವು ಯಾರ ಪೈಕಿ ಅಂತ ಕೇಳುತ್ತಾರೆ. ಯಾರ ಪೈಕಿಯೂ ಅಲ್ಲ, ನನಗೆ ಯಾರೂ ಇಲ್ಲ ಅನ್ನು.