ತೊಳೆದ ದ್ರಾಕ್ಷಿ

ಯಲಹಂಕ
ಮಾರ್ಚ್ 1961

ಮುನಿಗಂಗಮ್ಮನಿಗೆ, ಪ್ರೀತಿಯಿಂದ,

ಚಿಕ್ಕಜಾಲದಲ್ಲಿ ನಿನ್ನ ಮಗಳು ಇದನ್ನು ಓದಿ ಹೇಳುತ್ತಾಳೆಂದು ನಂಬಿ ಬರೆಯುತ್ತಿದ್ದೇನೆ. ಕೃಷ್ಣಮ್ಮ, ನಿಮ್ಮಮ್ಮ ನಡುವೆ ಎದ್ದರೆ ಸೆರಗು ಹಿಡಿದು ಕೂರಿಸು.

ಗಂಗಾ, ಬಳ್ಳಿ ಕೀಳಿಸಬೇಡ. ಯುಗಾದಿ ಕಳೆದ ಮೇಲೆ ಆಳು ಕಳಿಸುತ್ತೀಯಂತೆ. "ದ್ರಾಕ್ಷಿ ಸಾವಾಸ ಸಾಕು, ಸೊಪ್ಪು ಆಕ್ತೀನಿ" ಅಂದೆಯಂತೆ. ಅದಕ್ಕೆ ನಾನು ಒಪ್ಪುವುದಿಲ್ಲ.

ನಡೆದದ್ದು ಇಷ್ಟು. ನಿಮ್ಮತ್ತೆ ಇರುವವರೆಗೂ ಕೊಯ್ಲು ಅವರದು. ಅವರು ತೀರಿಕೊಂಡ ಮೇಲೆ ಈ ಸಲ ಮೊದಲ ಬಾರಿಗೆ ನೀನು ಕೊಯ್ಯಿಸಿದೆ. ನನ್ನ ಶೆಡ್ಡಿನಿಂದ ನಮ್ಮ ಚರ್ಚಿನ ಬಲಿಪೂಜೆಗೆ ಹೋಗುವ ದ್ರಾಕ್ಷಾರಸವೆಂದು ಒಂದೊಂದು ಗೊಂಚಲನ್ನೂ ಬಾವಿಯ ನೀರಿನಲ್ಲಿ ತೊಳೆದು, ಮಡಿಸೀರೆ ಹಾಸಿ, ನೆರಳಲ್ಲಿ ಆರಿಸಿ ಕಳಿಸಿದೆ. ಹಣ್ಣಿನ ಮೇಲಿನ ಬೂದಿಯಂಥ ಪುಡಿಯೇ ರಸವನ್ನು ಹುಳಿಯೆಬ್ಬಿಸಿ ವೈನ್ ಮಾಡುವುದೆಂದು ನಿನಗೆ ಯಾರೂ ಹೇಳಿರಲಿಲ್ಲ. ದೇವರಿಗೆ ಕೊಡುವ ಹಣ್ಣನ್ನು ತೊಳೆಯಬೇಡವೆಂದು ಯಾರು ತಾನೇ ಯಾರಿಗೆ ಹೇಳುತ್ತಾರೆ?

ತುಳಿದು ಪೀಪಾಯಿಗೆ ತುಂಬಿದ ರಸ ಕೆರೆಯ ನೀರಿನ ಹಾಗೆ ಸುಮ್ಮನೆ ನಿಂತಿತು. ನೊರೆ ಇಲ್ಲ, ಸದ್ದಿಲ್ಲ. ದ್ರಾಕ್ಷಿ ತುಳಿಯುವ ಪಿಳ್ಳಪ್ಪ ಇಣುಕಿ, "ಏನ್ ಗಂಗಕ್ಕಾ, ದ್ರಾಕ್ಷಿಗೂ ಎಣ್ಣೆನೀರು ಹಾಕಿದ್ಯಾ? ನಿದ್ದೆ ಮಾಡ್ತಾವೆ ನೋಡು" ಅಂದ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನೀನು ನಗಲಿಲ್ಲ. ಆ ಸಂಜೆಯೇ ಮಗಳ ಊರಿನ ಬಸ್ಸು ಹತ್ತಿದೆ.

ಮೈದುನ ಚಿನ್ನಪ್ಪ ನನ್ನನ್ನೂ ಬಿಡಲಿಲ್ಲ. "ಅತ್ತಿಗೆ, ಸಕ್ಕರೆ ಸುರೀರಿ, ಒಂದಷ್ಟು ಸಾರಾಯಿ ಬೆರೆಸ್ರಿ. ಸ್ವಾಮಿಗಳಿಗೇನ್ ಗೊತ್ತಾಗುತ್ತೆ?" ನಾನೆಂದೆ, "ಅವರಿಗೆ ಗೊತ್ತಾಗದೇ ಇರಬಹುದು ಕಣೋ. ನಾನೂ ಅದೇ ಪೂಜೆಗೆ ಮಂಡಿಯೂರ್ತೀನಲ್ಲ?" ದ್ರಾಕ್ಷಿಯಲ್ಲದ್ದು ಏನು ಸೇರಿದರೂ ಅದು ಪೂಜೆಗಲ್ಲ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಚೆಲ್ಲಿದರೆ ಈ ವರ್ಷ ಶೆಡ್ಡಿಗೆ ಬೀಗ.

ಮರುದಿನ ಬೆಳಿಗ್ಗೆ ಪಿಳ್ಳಪ್ಪನನ್ನು ಕರೆದುಕೊಂಡು ನಿನ್ನ ತೋಟಕ್ಕೆ ನುಗ್ಗಿದೆ. ಕೇಳಲು ನೀನಿರಲಿಲ್ಲ, ಕಳ್ಳಿ ಅನ್ನು ಬೇಕಾದರೆ. ಗಿಳಿಗಳಿಗೆಂದು ಚಪ್ಪರದ ಮೂಲೆಯಲ್ಲಿ ನೀನು ಬಿಟ್ಟಿದ್ದ ಗೊಂಚಲುಗಳನ್ನು ಕೊಯ್ದು, ತೊಳೆಯದೆ ಒಂದು ಮಡಕೆಯಲ್ಲಿ ಹಿಚುಕಿಟ್ಟೆ. ಅದು ನೊರೆಯೆದ್ದ ಮೇಲೆ ಪೀಪಾಯಿಗೆ ಸುರಿದೆ. ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಸಿಪ್ಪೆಯೆಲ್ಲ ಮೇಲೆದ್ದು ಬಂತು. ಕಿವಿಯಿಟ್ಟರೆ ಒಗ್ಗರಣೆಯ ಸದ್ದು. ಪಿಳ್ಳಪ್ಪ ಟೋಪಿ ತೆಗೆದು, "ಗಂಗಕ್ಕನ ಬಳ್ಳಿ ಗಟ್ಟಿಗಿತ್ತಿ ಕಣಮ್ಮೋ" ಅಂದ. ಅದನ್ನು ನಿನ್ನ ಮುಂದೆ ಬಂದು ಹೇಳಲು ಅವನಿಗೆ ಮುಖವಿಲ್ಲ, ನಾನು ಬರೆಯುತ್ತಿದ್ದೇನೆ.

ರಸ ಉಳಿದಿದೆ. ನಿನ್ನ ಹಣ್ಣೇ ಅದನ್ನು ಉಳಿಸಿತು. ಬೇರೆ ತೋಟದ ಹಣ್ಣು ನನಗೆ ಸಿಗುವುದಿಲ್ಲವೆಂದಲ್ಲ, ಬೇಡ. ನಿನ್ನ ಆಳುಗಳು ಬಂದರೆ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನನ್ನನ್ನು ಎಬ್ಬಿಸಿ ಬುಡಕ್ಕೆ ಗುದ್ದಲಿ ಹಾಕುವ ಗಂಡಸು ಈ ಯಲಹಂಕದಲ್ಲಿ ಇನ್ನೂ ಹುಟ್ಟಿಲ್ಲ.

ಏಪ್ರಿಲ್‌ನಲ್ಲಿ ಬಳ್ಳಿ ಸವರಬೇಕು. ನೀನು ಬರದಿದ್ದರೆ ನಾನೇ ಕತ್ತರಿ ಹಿಡಿಯುತ್ತೇನೆ. ನನಗೆ ಸವರಲು ಬರುವುದಿಲ್ಲವೆಂದು ನಿನಗೆ ಗೊತ್ತು. ಬೈಯುವುದಕ್ಕಾದರೂ ಬರುತ್ತೀಯ.

ನಿನ್ನ ಕೈಗೂ ಬಳ್ಳಿಗೂ ದೇವರು, ನಿನ್ನವನೋ ನನ್ನವನೋ, ಬಲ ಕೊಡಲಿ.

ದಾರಿ ನೋಡುತ್ತಿರುವ
ಮರಿಯಮ್ಮ