ಹತ್ತು ತುಂಬಿದ ಮೇಲಿನ ಹನಿ

ಭಾನುವಾರ, ಮಧ್ಯಾಹ್ನ

ಮಗಳೇ,

ನಿನ್ನ ಒಂದು ಸಾಲಿನ ಮೆಸೇಜು ಬಂತು, ಫೋನಿನ ಕೋಟೆಯಾಟವನ್ನು ಅಮ್ಮನ ಐಡಿಯಲ್ಲಿ ಆಡುತ್ತಿರುವುದು ಯಾರು, ಯಾವಾಗಿನಿಂದ ಅಂತ. ಫೋನಿನಲ್ಲೇ ಉತ್ತರ ಒತ್ತಲು ಹೋದೆ, ಆಗಲಿಲ್ಲ. ಅದಕ್ಕೇ ಕಾಗದ. ಆಡುತ್ತಿರುವುದು ನಾನೇ. ಅವಳು ಹೋದ ಮೇಲೆ ಫೋನು ಸುಮ್ಮನೆ ಬಿದ್ದಿತ್ತು, ಸಂಜೆ ಕಳೆಯಬೇಕಿತ್ತು, ಮುಟ್ಟಿದೆ ಅಂತಿಟ್ಟುಕೋ.

ಮೂರು ಪಂದ್ಯ ಗೆದ್ದರೆ ಹನ್ನೊಂದು ಸೋಲುತ್ತೇನೆ. ಅಮ್ಮ ನಿನ್ನ ಜೋಡಿಯಾಗಿ ಆಡಿ ಗಳಿಸಿದ ದರ್ಜೆಯನ್ನೆಲ್ಲ ಇಳಿಸಿಬಿಟ್ಟೆ. ಸೈನಿಕರನ್ನು ಇಳಿಸುವ ಕಾರ್ಡುಗಳದ್ದು ತಕರಾರಿಲ್ಲ, ಆ ನೀಲಿ ಹನಿಗಳದ್ದೇ ಕಷ್ಟ. ಒಂದೊಂದಾಗಿ ತುಂಬುತ್ತವೆ, ಕಾರ್ಡು ಇಳಿಸಿದಂತೆ ಖರ್ಚಾಗುತ್ತವೆ, ಹತ್ತಾದ ಮೇಲೆ ಬಂದದ್ದು ದಂಡ. ನಾನೋ ಮೂವತ್ತೊಂದು ವರ್ಷ ಸ್ಪೇರ್‌ಪಾರ್ಟ್ಸ್ ಸ್ಟೋರು ಕಾದವನು, ಕಪಾಟು ಖಾಲಿಯಾದರೆ ಎದೆ ಹೊಡೆದುಕೊಳ್ಳುತ್ತದೆ. ಹತ್ತು ತುಂಬಲಿ ಅಂತ ಕಾಯುತ್ತೇನೆ, ತುಂಬಿದ ಮೇಲೂ ಕಾಯುತ್ತೇನೆ, ಅಷ್ಟರಲ್ಲಿ ಎದುರಾಳಿ ನನ್ನ ಕೋಟೆ ಬಾಗಿಲಿಗೇ ಬಂದಿರುತ್ತಾನೆ. ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು, ಇರುವುದು ಕಮ್ಮಿ ಬೇಕಾದ್ದು ಹಲವು ಅನ್ನುವುದಕ್ಕೆ, ಸ್ಕೇರ್ಸ್ ಮೀನ್ಸ್, ಆಲ್ಟರ್ನೇಟಿವ್ ಅದೇನೋ ಅಂತ ಬರೆಸಿದ್ದರು. ಮುಂದಿನದು ಮರೆತಿದೆ, ಪರೀಕ್ಷೆಯಲ್ಲೂ ಮರೆತಿತ್ತು.

ನಿಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಹೊಲಿಗೆಯವಳ ಕೈ, ತುಂಡುಬಟ್ಟೆಯನ್ನೂ ದಂಡ ಮಾಡುತ್ತಿರಲಿಲ್ಲ. ಎದುರಿನವನು ಐದು ಹನಿ ಸುರಿದು ಕಳಿಸಿದ್ದನ್ನ ನೀವು ಎರಡ್ರಲ್ಲಿ ತಡೀರಿ, ಮೂರು ನಿಮ್ದಾಯ್ತು ಅಂತ ಪಾಠ ಹೇಳುತ್ತಿದ್ದಳು. ನನ್ನ ಆಟ ನೋಡಿ, ಹಾಸಿಗೆ ಉದ್ದ ಇದ್ರೂ ಕಾಲು ಮಡಚ್ಕೊಂಡು ಮಲಗೋ ಗಿರಾಕಿ ಕಣ್ರೀ ನೀವು ಅಂದಿದ್ದಳು. ನನ್ನ ಆಟವನ್ನು ಅವಳು ಯಾವಾಗ ನೋಡಿದಳು ಅಂತ ಕೇಳುತ್ತೀಯ. ಬಿಡು, ವಯಸ್ಸಾಯಿತು, ಹಿಂದುಮುಂದಾಗುತ್ತದೆ.

ಐಡಿ ಅಳಿಸು ಅಂದರೆ ಅಳಿಸುತ್ತೇನೆ. ಹದಿನೈದಕ್ಕೆ ಬರುತ್ತೇನೆ ಅಂದಿದ್ದೀಯಲ್ಲ, ಬಾ. ನಿನ್ನ ಕೋಣೆಯ ಫ್ಯಾನು ರಿಪೇರಿ ಮಾಡಿಸಿದ್ದೇನೆ.

ಇಂತಿ ನಿನ್ನ ದಾರಿ ನೋಡುತ್ತಿರುವ,
ಅಪ್ಪ

ತಾ.ಕ.: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ನೀನು ಬರುವ ಮೊದಲು ಇದು ಗೊತ್ತಿರಬೇಕು. ಅಮ್ಮನ ಕಡೆಯ ಇಪ್ಪತ್ತಾರು ದಿನ ನಿನ್ನ ಜೋಡಿಯಾಗಿ ಆಡಿದ್ದೂ ನಾನೇ. ಅಮ್ಮನ ಕೈ ಏಳುತ್ತಿರಲಿಲ್ಲ. ಗೊತ್ತಾದ್ರೆ ಮಗು ಪರೀಕ್ಷೆ ಬಿಟ್ಟು ಓಡಿ ಬರುತ್ತೆ, ನೀವೇ ಆಡಿ ಅಂತ ಅವಳೇ ಫೋನು ಕೊಟ್ಟಳು. ಗಂಟಲು ಕಟ್ಟಿದೆ, ಮಾತಾಡಲಾರಳು ಅಂತ ನಾನು ಹೇಳಿದೆ. ದಿನಾ ಆಡುತ್ತಾಳಲ್ಲ, ಹುಷಾರಾಗುತ್ತಿದ್ದಾಳೆ ಅಂತ ನೀನು ನಂಬಿದೆ. ಅಲ್ಲಿಯವರೆಗೆ ಅವಳ ಮಾತು. ಆದರೆ ಕಡೆಯ ದಿನ ಬೆಳಗ್ಗೆ, ಸಾಕು ರೀ, ಕರೆಸಿ ಅವಳನ್ನ ಅಂದಳು. ಇನ್ನೆರಡೇ ಪರೀಕ್ಷೆ, ಮುಗೀಲಿ ಅಂತ ತಡೆದವನು ನಾನು. ಅವತ್ತು ಸಂಜೆಯೂ ಅವಳ ಪಕ್ಕ ಕೂತು ಆಡಿದೆ, ಗೆದ್ದೆವು. ಅಮ್ಮಾ ಇವತ್ತು ಸೂಪರ್ ಆಡಿದೆ ಅಂತ ನೀನು ಬರೆದದ್ದನ್ನು ಓದಿ ಹೇಳಿದೆ. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.